ಫೋನಿನ ಫೈಲ್ ಕಂಪ್ಯೂಟರಿಗೆ ಹೋಗದಿದ್ದಾಗ: ವೈಫೈ ವರ್ಗಾವಣೆಯ ದೋಷ ನಿವಾರಣೆ ಕೈಪಿಡಿ

ಮೊಬೈಲ್ ಫೋನಿನಿಂದ ಮನೆಯ ಕಂಪ್ಯೂಟರಿಗೆ ವೈಫೈ ಮೂಲಕ ಫೈಲ್ ಕಳಿಸುವಾಗ ತೊಂದರೆ ಎದುರಾದರೆ, ಬಹುತೇಕರು ಮೊದಲು ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಅದರಿಂದಲೂ ಆಗದಿದ್ದರೆ ಬೇರೊಂದು ಆ್ಯಪನ್ನು ಹುಡುಕುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ದೋಷ ಹೆಚ್ಚಾಗಿ ಇರುವುದು ಎರಡು ಸಾಧನಗಳ ನಡುವಿನ ದಾರಿಯಲ್ಲಿ, ಇಲ್ಲವೇ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಂಪ್ಯೂಟರಿನ ಕಾವಲು ತಂತ್ರಾಂಶವಾದ ಫೈರ್‌ವಾಲ್‌ನಲ್ಲಿ. ಆದ್ದರಿಂದ ಮೊದಲು ದಾರಿ, ಅನಂತರ ಅನುಮತಿ, ಆಮೇಲೆ ಆ್ಯಪ್, ಕೊನೆಗೆ ಫೈಲ್ ಎಂಬ ಕ್ರಮದಲ್ಲಿ ಪರೀಕ್ಷಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಕ್ವಿಕ್ ಶೇರ್, ಲೋಕಲ್‌ಸೆಂಡ್, ಕೆಡಿಇ ಕನೆಕ್ಟ್, ಫೋನಿನಲ್ಲಿ ಚಾಲೂ ಮಾಡುವ ಎಫ್‌ಟಿಪಿ (ವಿಳಾಸ ಟೈಪ್ ಮಾಡಿ ಫೋನಿನ ಫೈಲುಗಳನ್ನು ತೆರೆಯುವ ಪದ್ಧತಿ), ವಿಂಡೋಸ್‌ನ ಶೇರ್ಡ್ ಫೋಲ್ಡರ್ ಈ ಪೈಕಿ ಯಾವುದನ್ನು ಬಳಸುತ್ತಿದ್ದರೂ ಕ್ರಮ ಇದೇ. ಇಲ್ಲಿನ ವಿವರಗಳು ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿಗೆ ಅನ್ವಯಿಸುತ್ತವೆ.

ಲಕ್ಷಣವನ್ನು ಗುರುತಿಸುವುದು

"ನಿನ್ನೆಯವರೆಗೂ ಚೆನ್ನಾಗಿ ಹೋಗುತ್ತಿತ್ತು" ಎಂಬುದು ಈ ವಿಷಯದಲ್ಲಿ ಎಲ್ಲ ಮನೆಗಳಲ್ಲೂ ಕೇಳಿಬರುವ ಮಾತು. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ, ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತು ಎಂದು ಕೇಳಬೇಕು. ಹೊಸ ಫೈಬರ್ ಸಂಪರ್ಕ ಹಾಕಿಸಿ ರೂಟರ್ ಬದಲಾಯಿತೇ, ವಿಂಡೋಸ್ ಅಪ್‌ಡೇಟ್ ಆಯಿತೇ, ಯಾರಾದರೂ ಫೋನಿಗೆ ವಿಪಿಎನ್ (ಇಂಟರ್ನೆಟ್ ಸಂಚಾರವನ್ನು ಬೇರೊಂದು ಸರ್ವರಿನ ಮೂಲಕ ಸಾಗಿಸುವ ಆ್ಯಪ್) ಹಾಕಿಕೊಟ್ಟರೇ, ರಾತ್ರಿ ಕರೆಂಟ್ ಹೋಗಿ ಬಂದಿತೇ? ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹಿಂದೆ ಎಲ್ಲರ ಫೋನಿನಲ್ಲಿದ್ದ ಶೇರ್‌ಇಟ್, ಝೆಂಡರ್ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದೆ. ಹಳೆಯ ಫೋನಿನಲ್ಲಿ ಅವು ಇನ್ನೂ ಉಳಿದಿದ್ದರೆ ದುರಸ್ತಿ ಮಾಡಲು ಹೋಗದೆ ತೆಗೆದುಹಾಕುವುದೇ ಸರಿ.

ಇದರ ಜೊತೆಗೆ, "ಹೋಗುತ್ತಿಲ್ಲ" ಎಂದರೆ ನಿಖರವಾಗಿ ಏನಾಗುತ್ತಿದೆ ಎಂಬುದನ್ನೂ ನೋಡಬೇಕು. ಫೋನಿನ ಪರದೆಯಲ್ಲಿ ಕಂಪ್ಯೂಟರಿನ ಹೆಸರೇ ಕಾಣದಿದ್ದರೆ ಅದು ದಾರಿಯ ದೋಷ. ಹೆಸರು ಕಂಡು, ಸಂಪರ್ಕ ನಿರಾಕರಣೆಯಾದರೆ ಅಥವಾ ಪಾಸ್‌ವರ್ಡ್ ಒಪ್ಪದಿದ್ದರೆ ಅನುಮತಿಯ ದೋಷ. ವರ್ಗಾವಣೆ ಆರಂಭವಾಗಿ ನಡುವೆ ನಿಂತರೆ ಫೋನಿನ ಬ್ಯಾಟರಿ ಉಳಿತಾಯ, ಸಿಗ್ನಲ್ ಅಥವಾ ಡಿಸ್ಕಿನ ಕಡೆ ನೋಡಬೇಕು. ಫೈಲ್ ಬಂದು ತಲುಪಿ ತೆರೆಯದಿದ್ದರೆ ವೈಫೈಯ ತಪ್ಪು ಅಲ್ಲವೇ ಅಲ್ಲ.

ಎರಡೂ ಒಂದೇ ಜಾಲದಲ್ಲಿವೆಯೇ?

ಎರಡೂ ಸಾಧನಗಳಲ್ಲಿ ಇಂಟರ್ನೆಟ್ ಬರುತ್ತಿದೆ ಎಂದ ಮಾತ್ರಕ್ಕೆ ಅವು ಒಂದೇ ಜಾಲದಲ್ಲಿವೆ ಎಂದು ಹೇಳಲಾಗದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಆದೇಶವನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿದರೆ, ಐಪಿವಿ4 ಅಡ್ರೆಸ್ ಎಂಬ ಸಾಲಿನಲ್ಲಿ ಕಂಪ್ಯೂಟರಿನ ವಿಳಾಸವೂ ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ರೂಟರಿನ ವಿಳಾಸವೂ ಕಾಣಿಸುತ್ತವೆ. ಫೋನಿನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಸಂಪರ್ಕದಲ್ಲಿರುವ ಜಾಲದ ಹೆಸರಿನ ವಿವರಗಳನ್ನು ತೆರೆದರೆ ಅಲ್ಲಿಯೂ ಐಪಿ ವಿಳಾಸ ಮತ್ತು ಗೇಟ್‌ವೇ ಸಿಗುತ್ತವೆ. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಅಕ್ಕಪಕ್ಕ ಇಟ್ಟು ನೋಡಬೇಕು. ಸಾಮಾನ್ಯ ಮನೆಯ ರೂಟರುಗಳಲ್ಲಿ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದು, ಗೇಟ್‌ವೇ ಕೂಡ ಒಂದೇ ಆಗಿರಬೇಕು.

ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಹಳೆಯ ಮನೆಯಲ್ಲಿ ಈ ಚೀಟಿಯ ಮೇಲೆ ಬಂದ ಸಂಖ್ಯೆಗಳು ಹೀಗಿದ್ದವು: ಫೋನು 192.168.1.7, ಕಂಪ್ಯೂಟರ್ 192.168.0.104. ಮೂರನೆಯ ಸಂಖ್ಯೆ ಒಂದರಲ್ಲಿ 1, ಇನ್ನೊಂದರಲ್ಲಿ 0. ಕೆಳಗಿನ ನಡುಮನೆಯಲ್ಲಿ ಫೈಬರ್ ಸಂಪರ್ಕದವರು ಕೂರಿಸಿದ ರೂಟರ್ ಇತ್ತು. ಆ ಕಾಲದ ದಪ್ಪ ಗೋಡೆಗಳನ್ನು ದಾಟಿ ಸಿಗ್ನಲ್ ಮಹಡಿಗೆ ಏರದ ಕಾರಣ, ಹಳೆಯ ರೂಟರನ್ನೇ ಮೇಲಿನ ಕೋಣೆಗೆ ಒಯ್ದು, ಕೆಳಗಿನಿಂದ ಕೇಬಲ್ ಎಳೆದು ಅದಕ್ಕೆ ಜೋಡಿಸಿದ್ದರು. ಕಂಪ್ಯೂಟರ್ ಮೇಲಿನ ರೂಟರಿಗೆ, ಫೋನು ಕೆಳಗಿನ ರೂಟರಿಗೆ ಅಂಟಿಕೊಂಡಿತ್ತು. ವಠಾರದ ಒಳಗೆ ಇನ್ನೊಂದು ವಠಾರ ಕಟ್ಟಿ ಅದಕ್ಕೆ ಪ್ರತ್ಯೇಕ ಬಾಗಿಲು ಇಟ್ಟಂತೆ ಇದು: ಒಳಗಿನವರು ಹೊರಗೆ ಬರಬಹುದು, ಆದರೆ ಹೊರಗಿನವರಿಗೆ ಒಳಗೆ ಯಾರಿದ್ದಾರೆ ಎಂದು ತಿಳಿಯುವುದಿಲ್ಲ.

ಈ ಜೋಡಣೆಗೆ ಒಂದು ವಿಶಿಷ್ಟ ಲಕ್ಷಣವಿದೆ, ಮತ್ತು ಅದನ್ನು ಬಲ್ಲವರಿಗೆ ದೋಷ ಕೂಡಲೇ ಹೊಳೆಯುತ್ತದೆ. ಒಳ ರೂಟರಿನಲ್ಲಿರುವ ಕಂಪ್ಯೂಟರಿನಿಂದ ಫೋನಿನ ಎಫ್‌ಟಿಪಿ ವಿಳಾಸವನ್ನು ಕೈಯಾರೆ ಟೈಪ್ ಮಾಡಿದರೆ ಅದು ತೆರೆಯುತ್ತದೆ. ಆದರೆ ಫೋನಿನಿಂದ ಹುಡುಕಿದರೆ ಕಂಪ್ಯೂಟರ್ ಕಾಣುವುದಿಲ್ಲ. ಒಂದು ದಿಕ್ಕಿನಲ್ಲಿ ಕೆಲಸ ಮಾಡಿ ಇನ್ನೊಂದು ದಿಕ್ಕಿನಲ್ಲಿ ಮಾಡದ ಈ ಲಕ್ಷಣ ಕಂಡುಬಂದರೆ, ಮನೆಯಲ್ಲಿ ಎರಡು ರೂಟರುಗಳಿವೆಯೇ ಎಂದು ಮೊದಲು ವಿಚಾರಿಸಬೇಕು. ಪರಿಹಾರವಾಗಿ ಎರಡನೆಯ ರೂಟರನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಸ್ವಂತ ಜಾಲ ಕಟ್ಟದೆ ಮುಖ್ಯ ಜಾಲವನ್ನೇ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಬೇಕು. ಹಳೆಯ ರೂಟರಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ, ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ವಿಳಾಸ ಹಂಚುವ ಕೆಲಸವನ್ನು) ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು ಮುಖ್ಯ ರೂಟರಿನ ಸಾಲಿನಲ್ಲಿಯೇ ಬೇರೆ ಯಾವ ಸಾಧನಕ್ಕೂ ಕೊಡದ ಒಂದು ಸಂಖ್ಯೆಗೆ, ಉದಾಹರಣೆಗೆ 192.168.1.2ಕ್ಕೆ, ಬದಲಿಸಿ, ಕೆಳಗಿನಿಂದ ಬರುವ ಕೇಬಲನ್ನು ಇಂಟರ್ನೆಟ್ ಒಳಬರುವ ವ್ಯಾನ್ ಕಿಂಡಿಯಿಂದ ತೆಗೆದು ಮನೆಯ ಸಾಧನಗಳಿಗೆಂದಿರುವ ಲ್ಯಾನ್ ಕಿಂಡಿಗೆ ಸಿಕ್ಕಿಸಿದರೂ ಅದೇ ಫಲ ದೊರೆಯುತ್ತದೆ. ಆಗ ಮೇಲಿನ ಸಾಧನಗಳಿಗೂ ಕೆಳಗಿನ ರೂಟರೇ ವಿಳಾಸ ಹಂಚುತ್ತದೆ.

ವಿಳಾಸ 169.254 ಎಂದು ಆರಂಭವಾಗಿದ್ದರೆ ಆ ಸಾಧನಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅರ್ಥ. ರೂಟರನ್ನು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ, ಸಾಧನವನ್ನು ಮರುಸಂಪರ್ಕಿಸಬೇಕು.

ಕರೆಂಟಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮಂಡ್ಯದ ಕಡೆಯ ಹಳ್ಳಿಗಳಲ್ಲಿ, ಮಳೆಗಾಲದಲ್ಲಿ ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿಯೂ, ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಹೊಸದಾಗಿ ವಿಳಾಸ ಹಂಚುವಾಗ ಫೋನಿಗೆ ವಿಳಾಸದ ಕೊನೆಯಲ್ಲಿ ನಿನ್ನೆಯ 7ರ ಬದಲು 9 ಸಿಗಬಹುದು. ಕಂಪ್ಯೂಟರಿನಲ್ಲಿ ಉಳಿಸಿಟ್ಟ ಹಳೆಯ ಎಫ್‌ಟಿಪಿ ಶಾರ್ಟ್‌ಕಟ್ ಆಗ ಕೆಲಸಕ್ಕೆ ಬಾರದು; ಆ್ಯಪ್ ತೋರಿಸುವ ಹೊಸ ವಿಳಾಸವನ್ನು ಟೈಪ್ ಮಾಡಿದರೆ ಸಾಕು. ಪದೇ ಪದೇ ಹೀಗಾಗುತ್ತಿದ್ದರೆ ರೂಟರಿನಲ್ಲಿ ಆ ಫೋನಿಗೆ ಒಂದು ವಿಳಾಸವನ್ನು ಕಾಯ್ದಿರಿಸಬಹುದು. ಆದರೆ ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ಸಂಖ್ಯೆಯ (ರೂಟರ್ ಸಾಧನವನ್ನು ಗುರುತಿಸುವ ಸಂಖ್ಯೆಯ) ಬದಲು ಬೇರೊಂದನ್ನು ರೂಟರಿಗೆ ತೋರಿಸುತ್ತವೆ; ಆದ್ದರಿಂದ ಕಾಯ್ದಿರಿಸುವಾಗ ಅಬೌಟ್ ಫೋನ್ ಪುಟದ ಸಂಖ್ಯೆಯನ್ನಲ್ಲ, ಆ ವೈಫೈ ಜಾಲದ ವಿವರಗಳಲ್ಲಿ ಕಾಣುವ ಸಂಖ್ಯೆಯನ್ನು ಕೊಡಬೇಕು. ಯುಪಿಎಸ್ ಇರುವ ಮನೆಗಳಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ: ನಡುಮನೆಯ ರೂಟರ್ ಯುಪಿಎಸ್‌ನಲ್ಲಿದ್ದು ಮಹಡಿಯದು ಇರುವುದಿಲ್ಲ. ಕರೆಂಟ್ ಹೋದೊಡನೆ ಫೋನು ಸದ್ದಿಲ್ಲದೆ ಕೆಳಗಿನ ವೈಫೈಗೆ ಹೊರಳಿಕೊಂಡು, ಕರೆಂಟ್ ಬಂದ ಮೇಲೂ ಅಲ್ಲಿಯೇ ಉಳಿದುಬಿಡುತ್ತದೆ.

ಒಂದೇ ಜಾಲದಲ್ಲಿದ್ದರೂ ಮಾತಾಡದಿದ್ದರೆ

ವಿಳಾಸಗಳು ಸರಿಹೊಂದಿದ ಮೇಲೆ ಕಂಪ್ಯೂಟರಿನಿಂದ ಫೋನಿಗೆ ಪಿಂಗ್ (ping), ಅಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಕಿರು ಸಂದೇಶ, ಕಳಿಸಬೇಕು: ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಫೋನಿನ ವಿಳಾಸ ಬರೆದು ಎಂಟರ್ ಒತ್ತುವುದು. ಆ ಹೊತ್ತಿನಲ್ಲಿ ಫೋನಿನ ಪರದೆ ಆರಿರಬಾರದು. ರಿಪ್ಲೈ ಎಂಬ ಸಾಲುಗಳು ಬಂದರೆ ದಾರಿ ಸರಿಯಿದೆ. ಇದೇ ಪರೀಕ್ಷೆಯನ್ನು ತಿರುವುಮುರುವಾಗಿ, ಅಂದರೆ ಫೋನಿನಿಂದ ಕಂಪ್ಯೂಟರಿಗೆ ಮಾಡಿ, ಉತ್ತರ ಬರಲಿಲ್ಲವೆಂದು ದಾರಿ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಬಾರದು. ವಿಂಡೋಸ್‌ನ ಫೈರ್‌ವಾಲ್ ಹೊರಗಿನಿಂದ ಬರುವ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡಲು ಬಿಡುವುದಿಲ್ಲ.

ಟೈಮ್ಡ್ ಔಟ್ ಅಥವಾ ಅನ್‌ರೀಚಬಲ್ ಎಂದು ಬಂದರೆ ಶಂಕಿತರು ಇಬ್ಬರು. ಒಂದು, ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಚಾಲೂ ಇರುವ ವಿಪಿಎನ್. ಅದು ಮನೆಯೊಳಗಿನ ಸಂಚಾರವನ್ನೂ ತನ್ನ ಕೊಳವೆಯೊಳಗೆ ಎಳೆದುಕೊಳ್ಳಬಹುದು, ಆದ್ದರಿಂದ ಆಫ್ ಮಾಡಿ ನೋಡಬೇಕು. ಇನ್ನೊಂದು, ರೂಟರಿನಲ್ಲಿರುವ ಪ್ರತ್ಯೇಕಿಸುವ ವ್ಯವಸ್ಥೆ. ಗೆಸ್ಟ್ ಎಂಬ ಹೆಸರಿನ ವೈಫೈಗೆ ಸೇರಿದ ಸಾಧನಗಳಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ಮನೆಯ ಇತರ ಸಾಧನಗಳು ಕಾಣುವುದಿಲ್ಲ. ನೆಂಟರಿಗೆಂದು ಇಟ್ಟ ಪಾಸ್‌ವರ್ಡ್ ನೆನಪಿಡಲು ಸುಲಭವೆಂದು ಮನೆಯವರ ಫೋನುಗಳೂ ಅದಕ್ಕೇ ಸೇರಿಕೊಂಡಿರುವುದು ಅಪರೂಪವೇನಲ್ಲ. ಮುಖ್ಯ ವೈಫೈಯಲ್ಲಿಯೂ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಎಂಬ ಆಯ್ಕೆ ಆನ್ ಆಗಿದ್ದರೆ ಇದೇ ಪರಿಣಾಮ. ಪಿಜಿ, ಹಾಸ್ಟೆಲ್‌ಗಳ ವೈಫೈಯಲ್ಲಿ ಇದನ್ನು ಬೇಕೆಂದೇ ಆನ್ ಮಾಡಿರುತ್ತಾರೆ. ಅಪರಿಚಿತರು ಹಂಚಿಕೊಳ್ಳುವ ಜಾಲದಲ್ಲಿ ಅದು ಆನ್ ಇರುವುದೇ ಕ್ಷೇಮ, ಬದಲಿಸಲು ಒತ್ತಾಯಿಸಬಾರದು.

ರೂಟರ್ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ನಿರ್ಣಯಿಸಲು ಒಂದು ಪರೀಕ್ಷೆ ಸಾಕು. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಕಂಪ್ಯೂಟರನ್ನು ನೇರವಾಗಿ ಅದಕ್ಕೆ ಸೇರಿಸಿ, ಅದೇ ಫೈಲನ್ನು ಅದೇ ಆ್ಯಪ್‌ನಿಂದ ಕಳಿಸುವುದು. ಹೋದರೆ ದೋಷ ರೂಟರಿನ ಕಡೆಯದು. ಹೋಗದಿದ್ದರೆ ರೂಟರನ್ನು ಮುಟ್ಟದೆ ಮುಂದಿನ ಭಾಗಕ್ಕೆ ಬರಬೇಕು. ಹಾಟ್‌ಸ್ಪಾಟ್ ಮೂಲಕ ಫೈಲ್ ಹೋದರೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ, ಏಕೆಂದರೆ ಫೈಲ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಆದರೆ ಕಂಪ್ಯೂಟರ್ ಆ ಅವಕಾಶ ನೋಡಿಕೊಂಡು ತನ್ನ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳಲು ಆರಂಭಿಸಬಹುದಾದ್ದರಿಂದ, ಪರೀಕ್ಷೆಯ ಹೊತ್ತಿಗೆ ಫೋನಿನ ಮೊಬೈಲ್ ಡೇಟಾವನ್ನು ಆಫ್ ಮಾಡಿಡುವುದು ಜಾಣತನ. ಪಿಜಿಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಪರೀಕ್ಷೆ ಮಾತ್ರವಲ್ಲ, ಶಾಶ್ವತ ಪರಿಹಾರವೂ ಹೌದು.

ಕಂಪ್ಯೂಟರಿನ ಅನುಮತಿ

ವಿಂಡೋಸ್ ಪ್ರತಿಯೊಂದು ಹೊಸ ಜಾಲವನ್ನೂ ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತಿಸುತ್ತದೆ, ಮತ್ತು ನಾವು ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಪಬ್ಲಿಕ್ ಎಂದೇ ಎಣಿಸುತ್ತದೆ. ಪಬ್ಲಿಕ್ ಎಂದರೆ ಬಸ್ ನಿಲ್ದಾಣದ ವೈಫೈ ಇದ್ದಂತೆ ಎಂದು ಭಾವಿಸಿ ಅದು ಬಾಗಿಲು ಭದ್ರಪಡಿಸಿಕೊಳ್ಳುತ್ತದೆ. ರೂಟರ್ ಬದಲಾದ ಮರುದಿನದಿಂದ ವರ್ಗಾವಣೆ ನಿಂತುಹೋಗಲು ಇದೇ ದೊಡ್ಡ ಕಾರಣ: ಹಳೆಯ ಜಾಲವನ್ನು ಎಂದೋ ಪ್ರೈವೇಟ್ ಎಂದು ಗುರುತಿಸಿದ್ದರು, ಹೊಸದನ್ನು ಯಾರೂ ಗುರುತಿಸಲಿಲ್ಲ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಸಂಪರ್ಕದ ಪ್ರಾಪರ್ಟೀಸ್ ತೆರೆದು ಪ್ರೈವೇಟ್ ಆಯ್ದುಕೊಳ್ಳಬೇಕು. ಮನೆಯ ಜಾಲಕ್ಕೆ ಮಾತ್ರ.

ಅದಾದ ಮೇಲೆ ಫೈರ್‌ವಾಲ್. ಆ್ಯಪನ್ನು ಮೊದಲ ಬಾರಿ ತೆರೆದಾಗ "ಅನುಮತಿ ಕೊಡಬೇಕೇ" ಎಂದು ವಿಂಡೋಸ್ ಕೇಳುವ ಕಿಟಕಿಯನ್ನು ಅವಸರದಲ್ಲಿ ಮುಚ್ಚಿಬಿಟ್ಟಿದ್ದರೆ, ಅದನ್ನೇ ನಿರಾಕರಣೆ ಎಂದು ವಿಂಡೋಸ್ ಬರೆದಿಟ್ಟುಕೊಳ್ಳುತ್ತದೆ. ಆ್ಯಪನ್ನು ಎಷ್ಟು ಸಲ ಅಳಿಸಿ ಹಾಕಿದರೂ ಆ ನಿಯಮ ಉಳಿದುಕೊಂಡಿರಬಹುದು. ಫೈರ್‌ವಾಲ್ ಪುಟದಲ್ಲಿ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆರೆದು, ಆ ಆ್ಯಪ್‌ನ ಎದುರಿನ ಪ್ರೈವೇಟ್ ಚೌಕದಲ್ಲಿ ಗುರುತು ಹಾಕಬೇಕು. ಪೋರ್ಟ್ ಸಂಖ್ಯೆಯ (ಆ್ಯಪ್ ಬಳಸುವ ಬಾಗಿಲಿನ ಸಂಖ್ಯೆಯ) ಮೂಲಕವೇ ತೆರೆಯಬೇಕಾದರೆ, ಲೋಕಲ್‌ಸೆಂಡ್ 53317ನ್ನೂ ಕೆಡಿಇ ಕನೆಕ್ಟ್ 1714ರಿಂದ 1764ರವರೆಗಿನವನ್ನೂ ಬಳಸುತ್ತವೆ. ಎರಡಕ್ಕೂ ಟಿಸಿಪಿ, ಯುಡಿಪಿ ಎಂಬ ಎರಡು ಬಗೆಯ ಸಂಪರ್ಕಗಳೂ ಬೇಕು. ಹಣ ಕೊಟ್ಟು ಕೊಂಡ ಆ್ಯಂಟಿವೈರಸ್ ಇದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರಬಹುದು, ಆಗ ವಿಂಡೋಸ್‌ನಲ್ಲಿ ಮಾಡಿದ ಬದಲಾವಣೆಯಿಂದ ಏನೂ ಆಗದು.

ಶೇರ್ಡ್ ಫೋಲ್ಡರ್ ಬಳಸುವವರಿಗೆ ಪಾಸ್‌ವರ್ಡ್ ಒಂದು ತಲೆನೋವು. ಕಂಪ್ಯೂಟರ್ ತೆರೆಯುವಾಗ ನಿತ್ಯ ಒತ್ತುವ ನಾಲ್ಕಂಕಿಯ ಪಿನ್ ಆ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಮಾತ್ರ. ಫೋನಿನಿಂದ ಫೋಲ್ಡರಿಗೆ ಬರುವಾಗ ಅದು ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಇಮೇಲ್ ವಿಳಾಸ ಮತ್ತು ಆ ಖಾತೆಯ ಪಾಸ್‌ವರ್ಡ್. ಪಿನ್ನಿನ ಅಭ್ಯಾಸದಲ್ಲಿ ಅದನ್ನು ಮರೆತವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮರೆತ ಪಾಸ್‌ವರ್ಡಿನ ಹಿಂದೆ ಬೀಳುವುದಕ್ಕಿಂತ, ಹಂಚಿಕೆಗೆಂದೇ ವಿಂಡೋಸ್‌ನಲ್ಲಿ ಒಂದು ಪ್ರತ್ಯೇಕ ಸ್ಥಳೀಯ ಖಾತೆ ತೆರೆದು, ಆ ಒಂದು ಫೋಲ್ಡರಿಗೆ ಮಾತ್ರ ಅದಕ್ಕೆ ಅಧಿಕಾರ ಕೊಡುವುದು ಮೇಲು. ಹಳೆಯ ಫೋನಿನ ಹಳೆಯ ಫೈಲ್ ಮ್ಯಾನೇಜರ್ ಸಂಪರ್ಕಿಸಲು ಒಪ್ಪದಿದ್ದರೆ, ಅದು ಎಸ್‌ಎಂಬಿಯ, ಅಂದರೆ ಶೇರ್ಡ್ ಫೋಲ್ಡರ್ ಬಳಸುವ ಸಂವಹನ ಪದ್ಧತಿಯ, ಮೊದಲ ಆವೃತ್ತಿಯನ್ನೇ ಮಾತಾಡುತ್ತಿರಬಹುದು. 2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಆ ಆವೃತ್ತಿಯ ದೋಷದ ಮೂಲಕವೇ. ಅದೇ ವರ್ಷದಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಅದನ್ನು ಮತ್ತೆ ಆನ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬಾರದು. ಫೋನಿನ ಆ್ಯಪ್ ಬದಲಿಸಲು ನ್ಯಾಯವಾದ ಕಾರಣ ಇರುವುದು ಇಲ್ಲಿ.

ಫೋನಿನ ಕಡೆ

ಐಫೋನಿನಲ್ಲಿ ಐಒಎಸ್ 14ರಿಂದ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ಎಂಬ ಅನುಮತಿ ಬೇಕು. ಮೊದಲ ಸಲ ಬೇಡವೆಂದು ಒತ್ತಿದ್ದರೆ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಹೋಗಿ ಆನ್ ಮಾಡಬೇಕು. ಆಂಡ್ರಾಯ್ಡ್ 12ರಿಂದ ನಿಯರ್‌ಬೈ ಡಿವೈಸಸ್ ಅನುಮತಿ ಇದೆ. ಅದಕ್ಕಿಂತ ಹಳೆಯ ಫೋನಿನಲ್ಲಿ ಬ್ಲೂಟೂತ್ ಮೂಲಕ ಹುಡುಕಲು ಲೊಕೇಷನ್ ಆನ್ ಇರಬೇಕು. ವರ್ಗಾವಣೆ ಪರದೆ ಆರಿದ ಕೂಡಲೇ ನಿಲ್ಲುತ್ತಿದ್ದರೆ ಅದು ಬ್ಯಾಟರಿ ಉಳಿತಾಯದ ಕೆಲಸ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಬೇಕು, ಇಲ್ಲವೇ ಮುಗಿಯುವವರೆಗೆ ಪರದೆಯನ್ನು ಬೆಳಗಿಸಿಟ್ಟಿರಬೇಕು.

ಕ್ವಿಕ್ ಶೇರ್ ಬಗ್ಗೆ ಎರಡು ಮಾತು. 2020ರಲ್ಲಿ ನಿಯರ್‌ಬೈ ಶೇರ್ ಎಂದು ಆರಂಭವಾದ ಗೂಗಲ್‌ನ ಸೌಲಭ್ಯ 2024ರಲ್ಲಿ ಸ್ಯಾಮ್‌ಸಂಗ್‌ನದರೊಡನೆ ಸೇರಿ ಈ ಹೆಸರು ಪಡೆಯಿತು. ಅದು ಸಾಧನಗಳನ್ನು ಹುಡುಕಲು ಬ್ಲೂಟೂತ್ ಬಳಸುತ್ತದೆ, ಫೈಲ್ ಸಾಗಿಸಲು ವೈಫೈ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪುಗಳಲ್ಲಿ ಬ್ಲೂಟೂತ್ ಇಲ್ಲದಿರುವುದೇ ಹೆಚ್ಚು. ಅಂಥ ಕಂಪ್ಯೂಟರ್ ಫೋನಿನಲ್ಲಿ ಕಾಣದಿದ್ದರೆ ಏನೂ ಕೆಟ್ಟಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಬೇಕು, ಅಥವಾ ಬ್ಲೂಟೂತ್ ಬೇಡದ ಆ್ಯಪ್ ಬೇಕು. ಹಳೆಯ ಡೆಸ್ಕ್‌ಟಾಪಿನ ಗಡಿಯಾರ ಕರೆಂಟ್ ಹೋದಾಗಲೆಲ್ಲ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಖಾತೆಗೆ ಲಾಗಿನ್ ಆಗುವುದೂ ವಿಫಲವಾಗುತ್ತದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಬದಲಿಸಬೇಕು.

ಎಫ್‌ಟಿಪಿ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿ ತೆರೆಯುತ್ತಿಲ್ಲ ಎನ್ನುವವರೂ ಇದ್ದಾರೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ 2021ರಲ್ಲಿಯೇ ಎಫ್‌ಟಿಪಿಯನ್ನು ಕೈಬಿಟ್ಟಿವೆ. ಅದೇ ವಿಳಾಸವನ್ನು ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ವಿಳಾಸ ಟೈಪ್ ಮಾಡುವ ಪಟ್ಟಿಯಲ್ಲಿ, ಕೊನೆಯ ಪೋರ್ಟ್ ಸಂಖ್ಯೆಯನ್ನೂ ಬಿಡದೆ, ಟೈಪ್ ಮಾಡಬೇಕು.

ವೇಗವೇ ಹೇಳುವ ಸುಳಿವು

ವರ್ಗಾವಣೆ ನಡೆಯುತ್ತಿದ್ದರೂ ನಿಧಾನವಾಗಿದ್ದರೆ, ಪರದೆಯಲ್ಲಿ ಕಾಣುವ ವೇಗವನ್ನು ಓದಿಯೇ ಫೈಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಊಹಿಸಬಹುದು. ಸೆಕೆಂಡಿಗೆ 200ರಿಂದ 250 ಕೆಬಿ ಆಸುಪಾಸಿನಲ್ಲಿ ತೆವಳುತ್ತಿದ್ದರೆ ಅದು ಬಹುಶಃ ಬ್ಲೂಟೂತ್; ಆ ವೇಗದಲ್ಲಿ ಒಂದು ಜಿಬಿಗೆ ಒಂದು ಗಂಟೆಗೂ ಮೀರಿ ಬೇಕು. ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲಿ ಒಂದೇ ಸಮ ನಿಂತಿದ್ದರೆ, ಕಂಪ್ಯೂಟರ್ ಕೇಬಲಿನಿಂದ ರೂಟರಿಗೆ ಸೇರಿದ್ದು, ಆ ಕಿಂಡಿ 100 ಎಂಬಿಪಿಎಸ್‌ನದು ಎಂದು ತಿಳಿಯಬಹುದು: 100ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ, ಅದರಲ್ಲಿ ಸ್ವಲ್ಪ ಸೋರಿಕೆ. ಅದು ದೋಷವಲ್ಲ, ಆ ಕಿಂಡಿಯ ಮಿತಿ. ಒಂದು ಎರಡು ಎಂಬಿಯ ನಡುವೆ ಏರಿಳಿಯುತ್ತಿದ್ದರೆ ಸಾಧನಗಳು 2.4 ಗಿಗಾಹರ್ಟ್ಸ್‌ನ ಗದ್ದಲದಲ್ಲಿವೆ. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ ಅಲ್ಲಿಯೇ ಇರುತ್ತವೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಎರಡೂ ಸಾಧನಗಳನ್ನು ರೂಟರ್ ಇರುವ ಕೋಣೆಗೇ ತಂದು 5 ಗಿಗಾಹರ್ಟ್ಸ್‌ಗೆ ಸೇರಿಸಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಹಿಂದೆ. ಫೋನು, ಕಂಪ್ಯೂಟರ್ ಎರಡೂ ವೈಫೈಯಲ್ಲಿದ್ದರೆ ಒಂದೇ ಫೈಲ್ ಗಾಳಿಯಲ್ಲಿ ಎರಡು ಸಲ ಸಾಗಬೇಕಾದ್ದರಿಂದ, ಕಂಪ್ಯೂಟರನ್ನು ಕೇಬಲಿನಿಂದ ರೂಟರಿಗೆ ಜೋಡಿಸುವುದು ಎಲ್ಲಕ್ಕಿಂತ ಅಗ್ಗದ ಸುಧಾರಣೆ.

ಫೈಲಿನದೇ ತೊಂದರೆ

ದಸರಾ ಜಂಬೂ ಸವಾರಿಯನ್ನು 4ಕೆಯಲ್ಲಿ ಬಿಡದೆ ಚಿತ್ರಿಸಿದ ವಿಡಿಯೊ ಹತ್ತು ಹದಿನೈದು ನಿಮಿಷದಲ್ಲಿಯೇ 4 ಜಿಬಿ ಮೀರಬಹುದು. ಅದನ್ನು ನೇರವಾಗಿ ಪೆನ್‌ಡ್ರೈವಿಗೋ ಹಳೆಯ ಎಕ್ಸ್‌ಟರ್ನಲ್ ಡಿಸ್ಕಿಗೋ ಇಳಿಸುತ್ತಿದ್ದು, ಆ ಡಿಸ್ಕ್ ಫ್ಯಾಟ್32 ಮಾದರಿಯದಾಗಿದ್ದರೆ, ಜಾಗ ಎಷ್ಟೇ ಇದ್ದರೂ ವರ್ಗಾವಣೆ 4 ಜಿಬಿಯ ಹತ್ತಿರ ಬಂದು ನಿಲ್ಲುತ್ತದೆ. ಆ ಮಾದರಿಯಲ್ಲಿ ಒಂದು ಫೈಲಿನ ಗರಿಷ್ಠ ಗಾತ್ರವೇ ಅಷ್ಟು. ಯಾವಾಗಲೂ ಒಂದೇ ಅಳತೆಯಲ್ಲಿ ನಿಲ್ಲುವುದು ಇದರ ಗುರುತು. ಸಿಗ್ನಲ್ ದೋಷವಾದರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಮೊದಲು ಕಂಪ್ಯೂಟರಿನ ಒಳ ಡಿಸ್ಕಿಗೆ ಇಳಿಸಿಕೊಳ್ಳಬೇಕು.

ಐಫೋನಿನ ಚಿತ್ರಗಳು ಬಂದರೂ ತೆರೆಯದಿದ್ದರೆ ಅವು ಎಚ್‌ಇಐಸಿ ರೂಪದಲ್ಲಿರಬಹುದು. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆಯ್ದರೆ ಮುಂದಿನವು ಜೆಪೆಗ್ ಆಗಿ ಬರುತ್ತವೆ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಎಫ್‌ಟಿಪಿಯಲ್ಲಿ ಬರುವಾಗ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಎರಡು ಕಡೆಯ ತಂತ್ರಾಂಶಗಳಲ್ಲಿ ಒಂದು ಕನ್ನಡದಂತಹ ಲಿಪಿಗಳನ್ನೂ ಸಂಕೇತಿಸುವ ಯುಟಿಎಫ್-8 ಪದ್ಧತಿಯನ್ನು ಬಳಸುತ್ತಿಲ್ಲ. ವಿಂಡೋಸ್ ಪ್ರಶ್ನಾರ್ಥಕ ಚಿಹ್ನೆ ಇರುವ ಹೆಸರನ್ನು ಒಪ್ಪುವುದೇ ಇಲ್ಲವಾದ್ದರಿಂದ, "ಮದುವೆ ಆಮಂತ್ರಣ" ಎಂಬ ಫೈಲ್ ಹೆಸರಿನ ದೆಸೆಯಿಂದಲೇ ನಿಂತುಹೋಗಬಹುದು. ಫೈಲ್‌ಝಿಲ್ಲಾದಂತಹ ತಂತ್ರಾಂಶದಲ್ಲಿ ಯುಟಿಎಫ್-8 ಆಯ್ದುಕೊಳ್ಳಬಹುದು, ಅಥವಾ ಎಲ್ಲವನ್ನೂ ಫೋನಿನಲ್ಲಿಯೇ ಒಂದು ಝಿಪ್ ಮಾಡಿ ಕಳಿಸಬಹುದು. ಫೋಟೊಗಳು ತೀರ ಚಿಕ್ಕ ಗಾತ್ರದಲ್ಲಿ ಬಂದರೆ, ಮೂಲ ಚಿತ್ರ ಕ್ಲೌಡ್‌ನಲ್ಲಿದ್ದು ಫೋನಿನಲ್ಲಿ ಕಿರುಚಿತ್ರ ಮಾತ್ರ ಉಳಿದಿರಬಹುದು. ಮೊದಲು ಮೂಲವನ್ನು ಫೋನಿಗೆ ಇಳಿಸಿಕೊಳ್ಳಬೇಕು. ಯಾವುದೇ ದಾರಿಯಲ್ಲಾಗಲಿ, ಕಟ್ ಮಾಡದೆ ಕಾಪಿ ಮಾಡಿ, ಎರಡು ಕಡೆಯೂ ಗಾತ್ರವನ್ನು ಬೈಟ್‌ಗಳಲ್ಲಿ ಹೋಲಿಸಿದ ಮೇಲೆಯೇ ಫೋನಿನಿಂದ ಅಳಿಸಬೇಕು.

ಪರೀಕ್ಷೆಗೆಂದು ಬದಲಿಸಿದ್ದನ್ನೆಲ್ಲ ಕೊನೆಗೆ ಮೊದಲಿನಂತೆ ಮಾಡಬೇಕು. ಆ್ಯಂಟಿವೈರಸ್‌ನ ಫೈರ್‌ವಾಲನ್ನು ನಿಲ್ಲಿಸಿದ್ದರೆ ಮತ್ತೆ ಆನ್ ಮಾಡಬೇಕು, ಹಾಟ್‌ಸ್ಪಾಟ್ ಆಫ್ ಮಾಡಬೇಕು, ಕಂಪ್ಯೂಟರನ್ನು ಮನೆಯ ವೈಫೈಗೆ ಮರಳಿಸಬೇಕು. ಫೋನಿನ ಎಫ್‌ಟಿಪಿ ಸರ್ವರನ್ನೂ ನಿಲ್ಲಿಸಬೇಕು, ಏಕೆಂದರೆ ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಹಾಗೆಯೇ ಸಾಗುತ್ತದೆ, ಮತ್ತು ಅನೇಕ ಆ್ಯಪ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೂ ಅದು ಚಾಲೂ ಆಗುತ್ತದೆ.